ಅವ್ವ ಕೂತ ಜಾಗದ ಮಣ್ಣು

ದೆವ್ವ, ಗಾಳಿ, ಸತ್ತವರ ಸಪ್ಪಳ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾಕ್ಕೆ ಹೋಗುತ್ತಿದ್ದೆ. ಶಹಾಪುರದ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನನ್ನ ನೌಕರಿ. ಮಣ್ಣಿನಲ್ಲಿ ಏನಿದೆ, ಏನಿಲ್ಲ ಎಂದು ನೋಡುವುದೇ ಹೊಟ್ಟೆಪಾಡು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನಿಲ್ಲ. ನಾನೇ ಆಗಿದ್ದರೆ ನಂಬುತ್ತಿರಲಿಲ್ಲ.

ನಮ್ಮ ಹೊಲ ಕೊಡೇಕಲ್ ಕಡೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ನಾನು ಚಿಕ್ಕವಳಿದ್ದಾಗ ತೀರಿಕೊಂಡ ಅಪ್ಪನನ್ನೂ ಹಾಗೇ ಮಾಡಿದ್ದರು. ಮುಂದೆ ಕಾಲುವೆ ನೀರು ಬಂತು. ಭತ್ತಕ್ಕೆಂದು ಹೊಲ ಸಮ ಮಾಡಿಸುವಾಗ ಗುರುತಿನ ಕಲ್ಲೂ ಹೋಯಿತು, ಪಕ್ಕದ ಬನ್ನಿ ಗಿಡವೂ ಹೋಯಿತು. ಅವ್ವನಿಗೆ ಕಾಯಿಲೆ ಜೋರಾದಾಗ ಅವಳ ಬೇಡಿಕೆ ಒಂದೇ, ತನ್ನನ್ನು ಅಪ್ಪನ ಮಗ್ಗುಲಿಗೆ ಇಡಬೇಕು. ಅಪ್ಪ ಎಲ್ಲಿದ್ದಾನೆಂದು ಅಣ್ಣನಿಗೂ ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ಒಂದು ಮುಂಜಾನೆ ಅವ್ವನನ್ನು ಹೊಲಕ್ಕೆ ಕರೆದೊಯ್ದೆವು. ಕೊಯ್ಲಾದ ಗದ್ದೆಯಲ್ಲಿ ಬರಿಗಾಲಲ್ಲಿ ಅಡ್ಡಾಡಿ, ನಟ್ಟನಡುವೆ ಒಂದು ಕಡೆ ಕೂತು, ನೆಲ ತಟ್ಟಿ, "ಇಲ್ಲೇ ಅದಾರವ್ವ ನಿಮ್ಮಪ್ಪ" ಎಂದಳು. ಹೇಗೆ ಗೊತ್ತು ಎಂದು ಕೇಳಿದರೆ ಮತ್ತೆ ಅಲ್ಲೇ ನೆಲ ತಟ್ಟಿದಳು.

ನಾನು ನನ್ನ ವಿದ್ಯೆ ತೆಗೆದೆ. ಎಲುಬೆಂದರೆ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಯೂರಿಯಾ ನೀರಿನ ಬೆನ್ನು ಹತ್ತಿ ಹೋಗಿಬಿಡುತ್ತದೆ. ಫಾಸ್ಫೇಟ್ ಅಯಾನು ಹಾಗಲ್ಲ, ನಮ್ಮ ಎರೆಮಣ್ಣಿನ ಸುಣ್ಣವನ್ನು ಹಿಡಿದುಕೊಂಡು ಬಿದ್ದಲ್ಲೇ ಬಿದ್ದಿರುತ್ತದೆ. ಮಣ್ಣು ಸೋಸಿದ ನೀರಿಗೆ ಮಾಲಿಬ್ಡೇಟ್ ಎಂಬ ರಾಸಾಯನಿಕ ಬೆರೆಸಿ, ಇನ್ನೊಂದು ದ್ರಾವಣದ ನಾಲ್ಕು ಹನಿ ಬಿಟ್ಟರೆ ಫಾಸ್ಫೇಟ್ ಇದ್ದಷ್ಟು ನೀಲಿ ಬರುತ್ತದೆ. ಡಿಎಪಿ ಗೊಬ್ಬರದ ಫಾಸ್ಫೇಟ್ ಮೇಲ್ಪದರದಲ್ಲೇ ಇರುತ್ತದೆಂದು ಹೊಲದ ಅಲ್ಲಲ್ಲಿ ಆಳದಿಂದ ಮಣ್ಣು ತೆಗೆಸಿದೆ. ತಾನು ಕೂತ ಜಾಗದಲ್ಲಿ ತೆಗೆಸಿದ ಮಣ್ಣನ್ನು ಅವ್ವನೇ ತನ್ನ ಹಳೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟಳು.

ಕಾಲುವೆ ಬದಿಯ ಮಣ್ಣು ಗಾಢ ನೀಲಿಯಾಯಿತು. ಅವ್ವನ ಗಂಟಿನ ಮಣ್ಣಿಗೆ ಬಣ್ಣವೇ ಬರಲಿಲ್ಲ. ಮತ್ತೆ ಮಾಡಿದೆ, ಅದೇ. ಎರಡೂ ಟ್ಯೂಬ್ ಒಯ್ದು ಅವ್ವನಿಗೆ ತೋರಿಸಿ, ಅಪ್ಪ ಇರುವುದು ಕಾಲುವೆ ಬದಿಗೆ ಎಂದೆ. ಅವಳು ಬಣ್ಣವಿಲ್ಲದ್ದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ನೀ ಕಲ್ತಾಕಿ. ನೀ ಅಂದದ್ದ ಖರೆ ಇರಬೇಕ ಬಿಡು," ಎಂದಳು.

ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು!

ಅವ್ವ ಹೋದ ದಿನ ಕಾಲುವೆ ಬದಿಯಲ್ಲೇ ಕುಣಿ ತೋಡಿದರು. ಎಲುಬು ಸಿಕ್ಕವು, ಜೊತೆಗೆ ಒಂದು ಕೋಡೂ ಸಿಕ್ಕಿತು. ಎಂದೋ ಸತ್ತ ನಮ್ಮ ಬಿಳಿ ಎತ್ತನ್ನು ಅಲ್ಲಿ ಹುಗಿದದ್ದು ಅಣ್ಣನಿಗೆ ಆಗ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎತ್ತಿನ ಫಾಸ್ಫೇಟಿಗೂ ಅಪ್ಪನ ಫಾಸ್ಫೇಟಿಗೂ ಬಣ್ಣ ಒಂದೇ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅವ್ವ ಹೇಳಿದಲ್ಲಿ ಇನ್ನೊಂದು ತೋಡಿಸೋಣವೆಂದು ಅಳುತ್ತ ಕೇಳಿಕೊಂಡೆ. ದೊಡ್ಡಪ್ಪ ಒಪ್ಪಲಿಲ್ಲ. "ತೋಡಿದ ಕುಣಿ ಖಾಲಿ ಬಿಡಬಾರದವ್ವ. ಅದು ಮತ್ತೊಬ್ಬರನ್ನ ಬೇಡ್ತದ" ಎಂದರು. ಅವ್ವನನ್ನು ಎತ್ತಿನ ಪಕ್ಕಕ್ಕೇ ಇಟ್ಟು ಮನೆಗೆ ಬಂದೆವು.

ಕೆಲಸಕ್ಕೆ ಮರಳಿದಾಗ ಅವ್ವನ ಗಂಟು ನನ್ನ ಟೇಬಲ್ ಮೇಲೇ ಇತ್ತು. ಎಸೆಯಲು ಮನಸ್ಸಾಗಲಿಲ್ಲ. ಸುಮ್ಮನೆ ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಮಟಮಟ ಮಧ್ಯಾಹ್ನ, ಸುತ್ತ ಜನ, ಫ್ಯಾನಿನ ಸದ್ದು. ಟ್ಯೂಬ್ ನೋಡನೋಡುತ್ತ ನೀಲಿಯಾಯಿತು. ಕಾಲುವೆ ಬದಿಯದಕ್ಕಿಂತ ಗಾಢ. ಹೊಸ ಟ್ಯೂಬ್ ತಂದೆ, ಹೊಸ ದ್ರಾವಣ ಮಾಡಿದೆ, ಪಕ್ಕದಲ್ಲಿ ಮಣ್ಣಿಲ್ಲದ ಬರೀ ನೀರನ್ನೂ ಇಟ್ಟೆ. ನೀರಿಗೆ ಬಣ್ಣ ಬರಲಿಲ್ಲ. ಮಣ್ಣಿನದು ಮತ್ತೆ ನೀಲಿ. ಮೊದಲ ಸಲ ಪೊಟ್ಟಣ ಅದಲುಬದಲಾಗಿರಬೇಕು ಎಂದರು ಜೊತೆಯವರು. ಸೀರೆ ಚೂರಿನ ಗಂಟು ಅದೊಂದೇ ಇತ್ತು, ಬಿಚ್ಚಿದವಳು ನಾನೇ.

ಆಗ ಬಾರದ ಬಣ್ಣ ಆಮೇಲೆ ಯಾಕೆ ಬಂತು? ನನಗೆ ಇಂದಿಗೂ ತಿಳಿದಿಲ್ಲ. ತೋಡಿಸಿ ನೋಡೋಣ ಎನ್ನುತ್ತಾನೆ ಅಣ್ಣ. ತೋಡಿ, ಅಪ್ಪ ಸಿಕ್ಕರೆ, ಅವ್ವನಿಗೆ ಏನು ಹೇಳಲಿ? ಹೊಲಕ್ಕೆ ಹೋದಾಗಲೆಲ್ಲ ಆ ಎರಡು ಜಾಗದ ನಡುವೆ ನಿಲ್ಲುತ್ತೇನೆ. ಕೂಗಿದರೆ ಕೇಳುವಷ್ಟೇ ದೂರ. ಆದರೆ ಫಾಸ್ಫೇಟ್ ಇದ್ದಲ್ಲಿಂದ ಕದಲುವುದಿಲ್ಲ.