ತ್ವಾನಕ್ಕನ ಗ್ರಾಫಿಕ್ಸ್ ಕಾರ್ಡು ಮತ್ತು ಹಸಿರು ಪೊಟ್ಟಣ

ಹೌ ಮನೆತನದ ಮುತ್ತಜ್ಜ ಹೌ ಬೂನ್ ಜಪಾನಿಯರ ಆಳ್ವಿಕೆಯ ಕಾಲದಲ್ಲಿ ಅಲಿಶಾನ್ ಬೆಟ್ಟದಿಂದ ಮರ ಇಳಿಸುವ ರೈಲಿಗೆ ದಿಮ್ಮಿ ಕಟ್ಟುವವನಾಗಿದ್ದ. ಒಂದು ದಿನ ತಿರುವಿನಲ್ಲಿ ಗಾಡಿಯೊಂದು ಹಳಿ ಬಿಟ್ಟು ಪ್ರಪಾತದ ಕಡೆಗೆ ಮೂತಿ ಮಾಡಿ ನಿಂತಿತು. ಜಪಾನಿ ಮೇಸ್ತ್ರಿ ಕೆಳಗಿನಿಂದ ಆಳುಗಳು ಬರಲಿ ಎಂದು ತಲೆಯ ಮೇಲೆ ಕೈಹೊತ್ತು ಕೂತ. ಆಳುಗಳು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬರುವಷ್ಟರಲ್ಲಿ ಬೂನ್ ಒಂದು ಗಟ್ಟಿ ಕೊಂಬೆಯನ್ನೇ ಹಾರೆ ಮಾಡಿಕೊಂಡು ಗಾಡಿಯನ್ನು ಹಳಿಗೆ ಕೂರಿಸಿ, ಅದರ ಮೇಲೆ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದ. ಅವನ ಮಗ ಹೌ ತಿಯಾಮ್ ಆ ಸೀಮೆಗೆ ಅಕ್ಕಿ ಗಿರಣಿಯ ಎಂಜಿನ್ ತಂದವನು. ಎಂಜಿನ್ ಕೆಮ್ಮಿದರೆ ಅದರ ಯಾವ ಪಕ್ಕೆಗೆ ಒದೆಯಬೇಕು ಎಂಬುದು ಅವನ ಕಾಲಿಗೇ ಗೊತ್ತಿತ್ತು. ತಿಯಾಮನ ಸೊಸೆ ಹೊಲಿಗೆ ಯಂತ್ರದ ಕಾಲುಮಣೆಗೆ ಬೀಸುಕಲ್ಲು ಕಟ್ಟಿದ ಹೆಂಗಸು. ಕಾಲಲ್ಲಿ ತುಳಿಯುತ್ತ ಸೋಯಾ ಅರೆದು, ಆ ಹಾಲು ಮಾರಿ ಮಕ್ಕಳನ್ನು ಸಾಕಿದಳು. ಬೀದಿಯ ಜನ ಹಾಲಿಗಿಂತ ಹೆಚ್ಚಾಗಿ ಆ ಯಂತ್ರವನ್ನು ನೋಡಲಿಕ್ಕೇ ಬರುತ್ತಿದ್ದರು.

ಆಕೆಯ ಹಿರಿಮಗಳು ಹೌ ತ್ವಾನ್. ಬೆಟ್ಟದ ಬುಡದ ಚಿಯಾಯಿ ಊರಿನ ನಮ್ಮ ಓಣಿಗೆಲ್ಲ ಅವಳು ತ್ವಾನಕ್ಕ. ಕೂದಲು ಕಪ್ಪಗಿದ್ದಾಗ ಹಿಡಿದ ಬೆಳಗಿನ ತಿಂಡಿಯ ಗಾಡಿಯನ್ನು ತಲೆ ಪೂರಾ ಬೆಳ್ಳಗಾದ ಮೇಲೇ ಬಿಟ್ಟಳು. ಕಾವಲಿಯ ಮೇಲೆ ಮೊಟ್ಟೆದೋಸೆ ಮಗುಚುವ ಅವಳ ಕೈ ಎಷ್ಟು ಚುರುಕೆಂದರೆ, ಗಿರಾಕಿ ಸ್ಕೂಟರಿನಿಂದ ಇಳಿಯಲು ಕಾಲೆತ್ತುವಷ್ಟರಲ್ಲಿ ತಿಂಡಿಯ ಚೀಲ ಅವನ ಹ್ಯಾಂಡಲಿಗೆ ನೇತಾಡುತ್ತಿತ್ತು. ಗಾಡಿ ಬಿಟ್ಟರೂ ಆ ಕೈ ಸುಮ್ಮನಿರಬೇಕಲ್ಲ! ಸಮುದಾಯ ಭವನಕ್ಕೆ ಹೆಣಿಗೆ ಕಲಿಯಲು ಹೋದವಳು ಬಾಗಿಲು ತಪ್ಪಿ ಪಕ್ಕದ ಕೋಣೆಗೆ ನುಗ್ಗಿದಳು. ಅಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಆಟ ಕಲಿಸುತ್ತಿದ್ದರು. ತಂಡ ಕಟ್ಟಿಕೊಂಡು, ಗೋಡೆಯ ಮರೆಯಲ್ಲಿ ಅವಿತು, ಎದುರು ತಂಡದವರಿಗೆ ಗುಂಡು ಹೊಡೆಯುವ ಆಟ. ತ್ವಾನಕ್ಕ ಹೆಣಿಗೆಯ ಕಡ್ಡಿಗಳನ್ನು ಅಲ್ಲೇ ಯಾರಿಗೋ ದಾನ ಮಾಡಿ ಬಂದಳು.

ಹಾಗೆ ಹುಟ್ಟಿದ್ದು ‘ಬಿಳಿತಲೆ ಹುಲಿಗಳು’ ತಂಡ. ನಾಯಕಿ ಕಿಮ್‌ಹೋಂಗ್, ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು, ಆದರೆ ಬೆತ್ತ ಮಾತ್ರ ಇನ್ನೂ ನಾಲಿಗೆಯಲ್ಲೇ ಇಟ್ಟುಕೊಂಡವಳು. ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಟ್ಟಿಗೆ ಆಡುತ್ತಾರೆ. ಇಡೀ ಓಣಿಗೆ ಅವರ ಕೂಗು ಕೇಳುವುದರಿಂದ ಹೆಡ್‌ಫೋನು ಏಕೆ ಬೇಕೋ ನನಗಂತೂ ತಿಳಿಯದು. ನಾನು ತ್ವಾನಕ್ಕನ ಎದುರು ಮನೆಯವನು.

ತ್ವಾನಕ್ಕನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಇರಲಿಲ್ಲ. ಮದರ್‌ಬೋರ್ಡೇ ಎಲ್ಲ ಚಾಕರಿಯ ನಡುವೆ ಬಿಡುವು ಮಾಡಿಕೊಂಡು ಚಿತ್ರವನ್ನೂ ಬಿಡಿಸುತ್ತಿತ್ತು. ಹೋದ ಪಂದ್ಯದಲ್ಲಿ ಹೊಗೆ, ಬೆಂಕಿ, ಓಡುವವರು, ಬೀಳುವವರು ಎಲ್ಲ ಒಟ್ಟಿಗೆ ಬಂದಾಗ ಅದು ಕೈಚೆಲ್ಲಿತು. ಚಿತ್ರ ಹೆಪ್ಪುಗಟ್ಟಿತು, ತ್ವಾನಕ್ಕನಿಗೆ ಗುಂಡು ಬಿತ್ತು, ತಂಡ ಸೋತಿತು.

ಅಂದು ಸಂಜೆ ಕಸದ ಲಾರಿಯ ಹಾಡು ಕೇಳಿ ಓಣಿಯವರೆಲ್ಲ ಚೀಲ ಹಿಡಿದು ನಿಂತಿದ್ದಾಗ, ಕಿಮ್‌ಹೋಂಗ್ ಎಲ್ಲರೆದುರಿಗೇ ಶುರುಮಾಡಿದಳು.

"ಏನೇ ತ್ವಾನ್, ಅದು ಆಟವೇನೇ? ಗದ್ದೆಯ ಬೆರ್ಚಪ್ಪನ ಹಾಗೆ ನಿಂತಿದ್ದೆಯಲ್ಲ!"

"ನಿಂತಿದ್ದು ನಾನಲ್ಲ, ಚಿತ್ರ."

"ಸೋತಿದ್ದು ಚಿತ್ರವಲ್ಲ, ನಾವು. ಕೇಳು, ಭಾನುವಾರ ಮೂರಕ್ಕೆ ಕಾವ್‌ಶ್ಯೊಂಗ್ ಊರಿನವರ ಜೊತೆ ಪಂದ್ಯ. ಅವತ್ತೂ ನಿನ್ನ ಚಿತ್ರ ನಿಂತರೆ, ಇಲ್ಲಾ ಮೂರು ಹೊಡೆಯೋದರೊಳಗೆ ನೀನು ಆಟದೊಳಗೆ ಬಂದಿರದಿದ್ದರೆ, ನಿನ್ನ ಜಾಗಕ್ಕೆ ಆಕ್ಯಾವ್. ಈ ವರ್ಷಕ್ಕೆ ನಿನ್ನ ಆಟ ಮುಗೀತು."

ಪಕ್ಕದಲ್ಲೇ ಮೀನಿನ ಮುಳ್ಳಿನ ಚೀಲ ಹಿಡಿದು ನಿಂತಿದ್ದ ಆಕ್ಯಾವ್ ಹೊಸದಾಗಿ ಕಟ್ಟಿಸಿದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕಳು. ಆ ಹಲ್ಲುಗಳನ್ನು ನೋಡಿದ ಮೇಲೆ ತ್ವಾನಕ್ಕನಿಗೆ ನಿದ್ದೆ ಎಲ್ಲಿಂದ ಬರಬೇಕು!

ಮಾರನೆಯ ದಿನವೇ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗೆ ಎಷ್ಟು ಉದ್ದದ ಜಾಗವಿದೆ ಎಂದು ಒಣ ಶಾವಿಗೆಯ ಕಡ್ಡಿ ಇಟ್ಟು ಅಳತೆಗೆ ಮುರಿದುಕೊಂಡಳು. ಪವರ್ ಸಪ್ಲೈ ಮೇಲಿನ ಅಂಕಿಯನ್ನು ಅಂಗೈಯಲ್ಲಿ ಗೀಚಿಕೊಂಡಳು. ಅಂಗಡಿಗೆ ಹೋಗಿ ಒಂದು ಕೈಯಲ್ಲಿ ಶಾವಿಗೆ, ಇನ್ನೊಂದು ಅಂಗೈ ತೋರಿಸಿ, "ಇದಕ್ಕಿಂತ ಉದ್ದ ಇರಬಾರದು, ಇದಕ್ಕಿಂತ ಹೆಚ್ಚು ಕರೆಂಟು ಕುಡೀಬಾರದು. ಕೊಡಪ್ಪ" ಎಂದಳು. ಕಾರ್ಡಿನ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಎರಡು ಪಾದಗಳ ನಡುವೆ ಕೂರಿಸಿಕೊಂಡು, ಬಾಣಂತಿಯನ್ನು ತವರಿಗೆ ಕರೆತರುವವರಂತೆ ಮೆಲ್ಲಗೆ ಬಂದಳು.

ಭಾನುವಾರ ಟರ್ಕಿ ಕೋಳಿಯ ಅನ್ನ ಉಂಡು ಕೈ ತೊಳೆದ ಕೂಡಲೇ ಕೆಲಸ ಶುರುವಾಯಿತು. ಟಾರ್ಚು ಹಿಡಿಯಲು ನಾನು. ಗಾಳಿ ಹಾಕಲು ಮತ್ತು ಹೆದರಲು ಅವಳ ನಾದಿನಿ ಫಿಕ್‌ಹಾ. ಇಬ್ಬರೂ ಮುಟ್ಟುವಂತಿಲ್ಲ ಎಂದು ಮೊದಲೇ ಕಟ್ಟಪ್ಪಣೆ.

ತ್ವಾನಕ್ಕ ವೈರು ಕಿತ್ತು, ಡಬ್ಬದ ಪಕ್ಕದ ತಗಡು ತೆಗೆದಳು. ಮೈಯ ಮಿಂಚು ಇಳಿಯಲೆಂದು ಬರೀ ಕಬ್ಬಿಣವನ್ನು ಮುಟ್ಟಿದಳು. ಹಿಂಬದಿಯ ಕಿಂಡಿ ಮುಚ್ಚಿದ್ದ ತಗಡಿನ ಪಟ್ಟಿಗಳನ್ನು ಬಿಚ್ಚಿ, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಉದ್ದನೆಯ ಸ್ಲಾಟಿಗೆ ನೇರ ಮಾಡಿ ಒತ್ತಿದಳು. ಟಕ್ ಎಂದಿತು.

"ಅಯ್ಯೋ, ಮುರೀತು!" ಎಂದಳು ಫಿಕ್‌ಹಾ.

"ಮುರೀಲಿಲ್ಲ ಕಣೇ, ಕೂತಿತು. ಕೂತದ್ದಕ್ಕೂ ಮುರಿದದ್ದಕ್ಕೂ ವ್ಯತ್ಯಾಸ ತಿಳೀದವಳು ನೀನು, ಅದಕ್ಕೇ ನಿನ್ನ ಮನೇಲಿ ಒಂದು ಕುರ್ಚಿಯೂ ನೆಟ್ಟಗಿಲ್ಲ."

ಸ್ಕ್ರೂ ಬಿಗಿದು, ಕಾರ್ಡಿಗೆ ಬೇಕಾದ ಕರೆಂಟಿನ ವೈರು ಚುಚ್ಚಿ, ಹೊರಗಿನ ಕೇಬಲ್ಲುಗಳನ್ನೆಲ್ಲ ಮೊದಲಿದ್ದಂತೆ ಸಿಕ್ಕಿಸಿ, ಗುಂಡಿ ಒತ್ತಿದಳು. ಒಳಗೆ ದೀಪ ಹತ್ತಿತು. ಡಬ್ಬ ಗುಂಯ್ ಎಂದಿತು. ಪರದೆ ಮಾತ್ರ ಕಾಡಿಗೆಯಂತೆ ಕಪ್ಪು.

ಅದೇ ಹೊತ್ತಿಗೆ ನಾಯಕಿ ಕಿಮ್‌ಹೋಂಗ್ ತಪಾಸಣೆಗೆ ಒಳಗೆ ಕಾಲಿಟ್ಟಳು. ಕಪ್ಪು ಪರದೆ ನೋಡಿದಳು. ಆಮೇಲೆ ಅವಳ ಕಣ್ಣು ಡಬ್ಬದ ನೆತ್ತಿಗೆ ಹೋಯಿತು. ಅಲ್ಲಿ ಹಸಿರು ಪೊಟ್ಟಣ ಕೂತಿತ್ತು.

ನಮ್ಮಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರವಾಗಲಿ, ರೈಲು ಟಿಕೆಟ್ಟಿನ ಯಂತ್ರವಾಗಲಿ, ಹಸಿರು ಪೊಟ್ಟಣವಿಲ್ಲದೆ ಕೆಲಸಕ್ಕೆ ನಿಲ್ಲುವುದಿಲ್ಲ. ಒಳಗಿರುವುದು ತೆಂಗಿನ ರುಚಿಯ ಜೋಳದ ಕುರುಕಲು. ಮೇಲೆ ಬರೆದಿರುವುದು ಮಕ್ಕಳಿಗೆ ಹೇಳುವ ಮಾತು: ಜಾಣಮರಿಯಾಗಿರು. ಯಂತ್ರದ ಮೇಲಿಟ್ಟರೆ ಅದು ಮಾತು ಕೇಳುತ್ತದೆ. ಆದರೆ ಬಣ್ಣ ಹಸಿರೇ ಇರಬೇಕು, ತೆರೆದಿರಬಾರದು, ಅವಧಿ ಮೀರಿರಬಾರದು.

ಕಿಮ್‌ಹೋಂಗ್ ಪೊಟ್ಟಣವನ್ನೆತ್ತಿ ಕನ್ನಡಕ ಏರಿಸಿ ಓದಿದಳು. "ತ್ವಾನ್! ಇದು ಹೋದ ವರ್ಷವೇ ಸತ್ತಿದೆ! ಹೆಣವನ್ನ ತಲೆ ಮೇಲೆ ಇಟ್ಟು ಮಶೀನನ್ನ ದುಡಿ ಅಂದರೆ ದುಡಿಯತ್ತೇನೇ?"

ಫಿಕ್‌ಹಾ ಚಪ್ಪಲಿಯನ್ನೂ ಮೆಟ್ಟದೆ ಮೂಲೆಯ ಅಂಗಡಿಗೆ ಓಡಿದಳು. ಬಂದಾಗ ಅವಳ ಕೈಯಲ್ಲಿ ಹಳದಿ ಪೊಟ್ಟಣ.

"ಹಳದಿ!" ಕಿಮ್‌ಹೋಂಗ್ ಎರಡು ಹೆಜ್ಜೆ ಹಿಂದೆ ಹಾರಿದಳು. "ರಸ್ತೇಲಿ ಹಳದಿ ದೀಪ ಕಂಡರೆ ಏನು ಮಾಡ್ತೀಯ?"

"ಇನ್ನೂ ಜೋರಾಗಿ ಹೋಗ್ತೀನಿ."

"ಅದಕ್ಕೇ ನಿನಗೆ ಲೈಸೆನ್ಸ್ ಇಲ್ಲ! ತೆಗಿ, ತೆಗಿ, ಹೊರಗೆ ಇಡು, ಮಶೀನಿಗೆ ಕಾಣಿಸಬಾರದು."

"ಹಸಿರು ಖಾಲಿ ಅಂದ್ರು. ನಾನೇನು ಬಣ್ಣ ಬಳೀಲಾ? ನಿಮ್ಮ ಕಂಪ್ಯೂಟರ್ ಮೇಲಿರೋದನ್ನ ಕೊಡಿ ಟೀಚರ್."

"ನನ್ನದನ್ನ ಕೊಟ್ಟರೆ ನನ್ನ ಮಶೀನು ಸುಮ್ಮನಿರತ್ತಾ? ಮನೇಲಿ ಒಂದು ಪೆಟ್ಟಿಗೆ ತುಂಬ ಇಟ್ಟಿದ್ದೀನಿ, ತಡಿ" ಎಂದು ನಾಯಕಿ ಸೊಂಟಕ್ಕೆ ಕೈಯಿಟ್ಟುಕೊಂಡೇ ಓಡಿದಳು.

ಇಷ್ಟೂ ಹೊತ್ತು ತ್ವಾನಕ್ಕ ಡಬ್ಬದ ಬೆನ್ನ ಹಿಂದೆ ಮಂಡಿಯೂರಿ ಕೂತಿದ್ದಳು. "ಅಣ್ಣ, ಬೆಳಕು ಇತ್ತ ಬಿಡು" ಎಂದಳು. ನಾನು ಟಾರ್ಚು ತಿರುಗಿಸಿದೆ. ಪರದೆಯ ಕೇಬಲ್ಲು ಅಭ್ಯಾಸಬಲದಿಂದ ಮದರ್‌ಬೋರ್ಡಿನ ಹಳೆಯ ತೂತಿಗೇ ಸಿಕ್ಕಿಕೊಂಡಿತ್ತು. ಹೊಸ ಕಾರ್ಡಿನ ತೂತು ಕೆಳಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು.

"ಥೂ ನನ್ನ! ಹೊಸಬಳು ಮನೇಲಿ ಕೂತಿದ್ದರೂ ಊಟವನ್ನ ಹಳಬಳ ಹತ್ತಿರವೇ ಕೇಳ್ತಿದೀನಲ್ಲ!" ಎಂದು ನಗುತ್ತ ಕರೆಂಟು ಆರಿಸಿ, ಕೇಬಲ್ಲನ್ನು ಕಿತ್ತು ಕಾರ್ಡಿಗೆ ಚುಚ್ಚಿದಳು.

ಅಷ್ಟರಲ್ಲಿ ಕಿಮ್‌ಹೋಂಗ್ ಹೊಚ್ಚಹೊಸ ಹಸಿರು ಪೊಟ್ಟಣದೊಂದಿಗೆ ಬಂದಳು. ಇಲ್ಲಿ ನಮ್ಮ ತ್ವಾನಕ್ಕನಿಗೆ ಒಂದು ಬುದ್ಧಿ ಹೊಳೆಯಿತು. ಕಾರ್ಡು ಹೊಸದು, ಮನೆಯ ರೀತಿ ನೀತಿ ತಿಳಿಯದ್ದು. ಮೇಲಿಟ್ಟ ಪೊಟ್ಟಣದ ಮಾತು ಅದಕ್ಕೆ ಕೇಳದಿದ್ದರೆ? ಡಬ್ಬದ ಒಳಗೇ, ಕಾರ್ಡಿನ ಕೆಳಗೇ ಇಟ್ಟರೆ ಕಿವಿಯಲ್ಲಿ ಹೇಳಿದಂತಾಗುತ್ತದೆ. ಉಬ್ಬಿದ ಪೊಟ್ಟಣ ಆ ಜಾಗಕ್ಕೆ ಹಿಡಿಸಲಿಲ್ಲ. ಕಿಮ್‌ಹೋಂಗ್ ನೋಡದ ಹಾಗೆ ಕತ್ತರಿಯಿಂದ ಮೂಲೆ ಸೀಳಿ, ಗಾಳಿ ಬಿಟ್ಟು, ಚಪ್ಪಟೆ ಮಾಡಿ ತುರುಕಿದಳು.

ಗುಂಡಿ ಒತ್ತಿದಳು. ಪರದೆ ಫಳಾರನೆ ಬೆಳಗಿತು.

ನಾಲ್ವರೂ ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಫಿಕ್‌ಹಾ ನನ್ನ ಕೈ ಹಿಡಿದು ಗಿರಗಿರ ಸುತ್ತಿಸಿದಳು, ಟಾರ್ಚು ಮಂಚದ ಕೆಳಗೆ ಹೋಯಿತು.

"ನೋಡಿದೆಯಾ ಹಸಿರಿನ ಮಹಿಮೆ!" ಎಂದಳು ಕಿಮ್‌ಹೋಂಗ್.

"ಕೇಬಲ್ಲಿನ ಮಹಿಮೆ" ಎಂದಳು ತ್ವಾನಕ್ಕ.

"ಕೇಬಲ್ಲು ನಿನ್ನ ಕಣ್ಣಿಗೆ ಬೀಳೋ ಹಾಗೆ ಮಾಡಿದ್ದು ಯಾರು? ನಾನು ಪೊಟ್ಟಣ ತರೋಕೆ ಹೊರಟಿದ್ದಕ್ಕೇ ಬಿತ್ತು!" ಎಂದು ಅವಳು ತನ್ನ ಮನೆಗೆ ಓಡಿದಳು. ಮೂರಾಗಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

ಈ ಹೊಸ ಕಾರ್ಡುಗಳ ಫ್ಯಾನು ಸುಮ್ಮನಿರುವಾಗ ಮಲಗಿರುತ್ತದೆ. ಮೈ ಬಿಸಿಯಾದರೆ ಮಾತ್ರ ಏಳುತ್ತದೆ. ತ್ವಾನಕ್ಕ ಆಟ ತೆರೆದಳು. ಕಾರ್ಡು ಬಿಸಿಯೇರಿತು. ಫ್ಯಾನು ಎದ್ದಿತು. ಕೆಳಗೆ ಮಲಗಿದ್ದ ಪೊಟ್ಟಣದ ಸೀಳಿದ ಮೂಲೆ ಅದರ ರೆಕ್ಕೆಗೆ ಸಿಕ್ಕಿತು.

ಟರ್ರ್ರ್ ಎಂಬ ಶಬ್ದವೊಂದು ಕೇಳಿತು. ಮರುಕ್ಷಣ ತೆರೆದ ಡಬ್ಬದಿಂದ ಜೋಳದ ಕುರುಕಲು ಅರಳು ಸಿಡಿದಂತೆ ಸಿಡಿಯತೊಡಗಿತು. ಒಂದು ನನ್ನ ಕನ್ನಡಕಕ್ಕೆ, ಒಂದು ಗೋಡೆಯ ಕ್ಯಾಲೆಂಡರಿಗೆ, ಬಾಯಿ ತೆರೆದು ನಿಂತಿದ್ದ ಫಿಕ್‌ಹಾಳ ಬಾಯಿಗೇ ನೇರವಾಗಿ ಒಂದು. ಕೋಣೆಯೆಲ್ಲ ತೆಂಗಿನಕಾಯಿ ಘಮಘಮ.

"ಆರಿಸು! ಆರಿಸು!" ಎಂದು ತನಗೆ ತಾನೇ ಕೂಗಿಕೊಳ್ಳುತ್ತ ತ್ವಾನಕ್ಕ ಕರೆಂಟು ತೆಗೆದಳು.

ಫಿಕ್‌ಹಾ ಬಾಯಿಗೆ ಬಿದ್ದದ್ದನ್ನು ಕರುಂ ಕರುಂ ಎಂದು ಅಗಿದಳು. "ತಾಜಾ ಇದೆ ಅತ್ತಿಗೆ."

ಆಗ ಹತ್ತಿಕೊಂಡಿತು ನೋಡಿ ನಗು. ತ್ವಾನಕ್ಕ ನೆಲಕ್ಕೆ ಕೂತು, ಹೊಟ್ಟೆ ಹಿಡಿದು, ಕಣ್ಣೀರು ಒರೆಸಿಕೊಳ್ಳುತ್ತಲೇ ಅಡುಗೆಯ ಉದ್ದ ಕಡ್ಡಿಗಳನ್ನು ತರಿಸಿದಳು. ಫ್ಯಾನಿನ ರೆಕ್ಕೆಗಳ ಸಂದಿಯಿಂದ ಒಂದೊಂದೇ ಕುರುಕಲನ್ನು ಕಡ್ಡಿಯಲ್ಲಿ ಹಿಡಿದು ಎಳೆದಳು. ನಗು ಉಕ್ಕಿದಾಗ ನಿಲ್ಲಿಸುತ್ತಿದ್ದಳು, "ನಗಿಸಬೇಡ್ರೋ, ಆಕ್ಯಾವ್ ಹಲ್ಲು ನೆನೆಸ್ಕೊಳ್ಳಿ!" ಎನ್ನುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು. ಹರಿದ ಪೊಟ್ಟಣ ಹೊರಬಂತು. ಪುಡಿಯನ್ನು ಕೂದಲು ಒಣಗಿಸುವ ಯಂತ್ರದ ತಣ್ಣನೆ ಗಾಳಿಯಲ್ಲಿ ಊದಿದಳು. ಪುಡಿ ಹೋಗಿ ನನ್ನ ತಲೆಯ ಮೇಲೆ ಕೂತಿತು.

ಫೋನು ಅರಚಿಕೊಂಡಿತು. ಕಿಮ್‌ಹೋಂಗ್. "ಎಲ್ಲಿ ಸತ್ತೆಯೇ? ಎಲ್ಲರೂ ಬಂದಾಯ್ತು! ಆಕ್ಯಾವ್ ಕೈ ಉಜ್ಜಿಕೊಂಡು ಕೂತಿದ್ದಾಳೆ!"

"ಅವಳ ಕೈ ಉಜ್ಜಿ ಉಜ್ಜಿ ಸವೆಯಲಿ. ಬಂದೆ!"

ತ್ವಾನಕ್ಕ ರೆಕ್ಕೆಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿತು. ಕರೆಂಟು ಕೊಟ್ಟಳು. ಪರದೆ ಬೆಳಗಿತು. ಆಟ ತೆರೆಯುತ್ತ ಹೋಯಿತು, ತೆರೆಯುತ್ತಲೇ ಹೋಯಿತು. ಫಿಕ್‌ಹಾ ನನ್ನ ತೋಳನ್ನು ಉಗುರಿನಿಂದ ಒತ್ತಿ ಹಿಡಿದಿದ್ದಳು. ಗೋಡೆಯ ಗಡಿಯಾರದ ಮುಳ್ಳು ಮೂರಕ್ಕೆ ಮುತ್ತಿಡುತ್ತಿರುವಾಗ ತಂಡದ ಸಾಲಿನ ಕೊನೆಯಲ್ಲಿ ತ್ವಾನಕ್ಕನ ಹೆಸರು ಮೂಡಿತು.

ಏಕೆ ತಡ ಎಂದು ನಾಯಕಿ ಕೇಳಿದಳು. ತ್ವಾನಕ್ಕ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಅದೇ ತಪ್ಪಾಯಿತು. ಕಿಮ್‌ಹೋಂಗ್ ನಗಲು ಶುರುಮಾಡಿದವಳು ನಿಲ್ಲಿಸಲಾರದೆ, ಮೊದಲ ತಿರುವಿನಲ್ಲೇ ಗುಂಡು ತಿಂದು ಬಿದ್ದಳು. ಬಿದ್ದ ಮೇಲೂ ನಕ್ಕಳು. ಅವಳ ನಗು ಅಂಟಿಕೊಂಡು ಉಳಿದವರೂ ಒಬ್ಬರ ಹಿಂದೊಬ್ಬರು ಉರುಳಿದರು. ಕೊನೆಗೆ ನಿಂತವಳು ತ್ವಾನಕ್ಕ ಒಬ್ಬಳೇ, ಎದುರಿಗೆ ಕಾವ್‌ಶ್ಯೊಂಗ್‌ನ ಇಬ್ಬರು ಮುದುಕರು.

ಹೊಗೆ ಎದ್ದಿತು, ಬೆಂಕಿ ಎದ್ದಿತು, ಚಿತ್ರ ಮಾತ್ರ ಎಣ್ಣೆ ಹರಿದಂತೆ ಹರಿಯಿತು. ಗೋಡೆಯ ಆಚೆ ಮುದುಕನ ಟೋಪಿಯ ಅಂಚು ಅಲುಗಿದ್ದೂ ಕಂಡಿತು. ಒಬ್ಬ ಬಿದ್ದ. ಇನ್ನೊಬ್ಬ ಓಡಿದ. ತ್ವಾನಕ್ಕ ಕುರ್ಚಿಯಿಂದ ಅರ್ಧ ಎದ್ದು, ನಾಲಿಗೆ ಕಚ್ಚಿ, ಅವನನ್ನೂ ಕೆಡವಿದಳು. ಆಮೇಲೆ ಅಲ್ಲಿ ಎದ್ದ ಗದ್ದಲವನ್ನು ನಾನು ಬರೆದು ತಿಳಿಸಲಾರೆ. ಫಿಕ್‌ಹಾ ನೆಲದ ಮೇಲಿನ ಕುರುಕಲನ್ನೆಲ್ಲ ಬಾಚಿ ಬಾಚಿ ಮೇಲಕ್ಕೆ ತೂರಿದಳು.

ಹೆಡ್‌ಫೋನಿನಿಂದ ಕಿಮ್‌ಹೋಂಗಳ ದನಿ ನನ್ನ ಕಿವಿಗೂ ಬಿತ್ತು. "ನಿನ್ನ ಜಾಗ ನಿನ್ನದೇ ಕಣೇ ಬಜಾರಿ! ವರ್ಷ ಪೂರ್ತಿ ಕೂತ್ಕೋ. ಆದರೆ ಆ ಪುಡಿ ಒಳಗೇ ಬಿಟ್ಟರೆ ಇರುವೆ ಹತ್ತುತ್ತೆ. ನಾನೂ ಆಕ್ಯಾವೂ ಬ್ರಷ್ ತಗೊಂಡು ಬರ್ತೀವಿ, ಡಬ್ಬ ಪೂರಾ ಬಿಚ್ಚಿ ಗುಡಿಸಿ ಕೊಡ್ತೀವಿ."

ತ್ವಾನಕ್ಕ ಹೆಡ್‌ಫೋನಿನ ಮೈಕನ್ನು ತುಟಿಗೆ ತಂದುಕೊಂಡಳು.

"ಬಂದರೆ ಟೀ ಕೊಡ್ತೀನಿ, ಕಡಲೆಬೀಜ ಕೊಡ್ತೀನಿ. ಡಬ್ಬಕ್ಕೆ ಮಾತ್ರ ಒಂದು ಬೆರಳೂ ಹಚ್ಚಕೂಡದು. ಇದರೊಳಗೆ ಕಸ ತುಂಬಿದವಳು ನಾನು, ತೆಗೆಯೋಳೂ ನಾನೇ."