ಹನ್ನೊಂದು ಚಿತ್ರಗಳಲ್ಲೂ ಪೇಪರ್ ಓದುವ ಗಂಡ

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬಟವಾಡಿಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಬಾಡಿಗೆ ಮನೆ, ನಡುವೆ ಒಂದು ಪರದೆ. ಗುಬ್ಬಿ, ಕುಣಿಗಲ್ ಕಡೆಯಿಂದೆಲ್ಲ ಜನ ಲಗ್ನಪತ್ರಿಕೆ ಮಾಡಿಸಲು ಬರುತ್ತಿದ್ದರು. ಪ್ರೂಫ್ ನೋಡುವುದರಲ್ಲಿ ನನಗೆ ಹೆಸರಿತ್ತು. ಹೆಸರು, ಮುಹೂರ್ತ, ಛತ್ರದ ವಿಳಾಸ, ಇಷ್ಟನ್ನು ಬೆರಳಿಟ್ಟು ಓದುತ್ತಿದ್ದೆ. ಮದುವೆ ಯಾರದ್ದೆಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದನ್ನು ದೊಡ್ಡ ವಿದ್ಯೆಯೆಂದೇ ತಿಳಿದಿದ್ದೆ.

ಆ ವರ್ಷ ಮನೆಯಲ್ಲೊಂದು ವಿಷಯ ಎದ್ದಿತ್ತು. ಕುಣಿಗಲ್ ಕಡೆಯವಳಾದ ನನ್ನ ಹೆಂಡತಿ ಬಿ.ಎ. ಮುಗಿಸಿದ್ದಳು. ಬಿ.ಎಡ್. ಸೇರಬೇಕೆಂದು ಅರ್ಜಿ ತಂದಿಟ್ಟುಕೊಂಡಿದ್ದಳು. ಕೊಡಲು ಉಳಿದದ್ದು ಇನ್ನೊಂದು ವಾರ. ಊಟಕ್ಕೆ ಕೂತಾಗ ಮಾತೆತ್ತಿದರೆ ಅಮ್ಮ, ಮನೆ ಕೆಲಸ ಯಾರು ನೋಡುತ್ತಾರೆ ಎಂದು ಕೇಳಿ ನನ್ನ ಮುಖ ನೋಡುತ್ತಿದ್ದಳು. ಹೆಂಡತಿಯೂ ನೋಡುತ್ತಿದ್ದಳು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಅಂಗಡಿಯ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಯಾವುದೋ ಮಾಸಿಕದ ಜೊತೆ ಬಂದ ಸಿ.ಡಿ.ಯಲ್ಲಿ ಚಿತ್ರಕಥೆಯ ಆಟವೊಂದಿತ್ತು: ಒಂದು ಚಿತ್ರ, ಕೆಳಗೆ ಮಾತು, ಅದರ ಕೆಳಗೆ ಎರಡು ಉತ್ತರ. ಒತ್ತಿದ ಉತ್ತರದಂತೆ ಕಥೆ ಮುಂದೆ ಹೋಗುತ್ತಿತ್ತು. ಅದನ್ನು ನೋಡಿ ಅವಳೂ ಅಂಥದ್ದೇ ಒಂದು ಮಾಡಿದಳು, ಮೌಸಿನಲ್ಲೇ ಚಿತ್ರ ಬಿಡಿಸಿ. ಒಂದು ದಿನ ನನ್ನನ್ನು ಕರೆದು ತೋರಿಸಿದಳು.

"ಚೆನ್ನಾಗಿದೆ ಅಂತ ಮಾತ್ರ ಅನ್ಬೇಡಿ. ಎಲ್ಲಿ ಸರಿಯಿಲ್ಲ ಹೇಳಿ, ತಿದ್ಕೋತೀನಿ."

ಕಥೆ ಒಬ್ಬ ಸೊಸೆಯದು. ಅವಳಿಗೆ ಓದುವ ಆಸೆ. ಅತ್ತೆಯನ್ನು ಕೇಳಬಹುದು, ಸುಮ್ಮನಿರಬಹುದು; ಜಗಳವಾಡಬಹುದು, ಅಳಬಹುದು. ಯಾವುದನ್ನು ಒತ್ತಿದರೂ ಕಥೆ ಅಡುಗೆಮನೆಗೇ ಬಂದು ನಿಲ್ಲುತ್ತಿತ್ತು. ಪ್ರತಿ ಚಿತ್ರದ ಮೂಲೆಯಲ್ಲೂ ಗಂಡ ಪೇಪರ್ ಓದುತ್ತಿದ್ದ. ಎರಡು ಸಲ ಆಡಿ, ಹಾಳೆಯಲ್ಲಿ ಗುರುತು ಹಾಕಿಕೊಂಡೆ.

ಮೊದಲು ಒಳ್ಳೆಯದನ್ನು ಹೇಳಬೇಕೆಂಬ ತಿಳಿವಳಿಕೆ ನನಗಿತ್ತು. ಅತ್ತೆಯ ಮಾತು ಸಹಜವಾಗಿದೆ ಎಂದೆ. ಕೆಂಪಿನ ಮೇಲೆ ಹಳದಿ ಅಕ್ಷರ ಲಗ್ನಪತ್ರಿಕೆಗೆ ಸರಿ, ಕಥೆಗಲ್ಲ ಎಂದೆ. ಹನ್ನೊಂದು ಚಿತ್ರಕ್ಕೂ ಅದೇ ಗಂಡನನ್ನು ಕಾಪಿ ಮಾಡಿ ಕೂರಿಸಿರುವುದು ಸೋಮಾರಿತನ ಎಂದೂ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಮುಖ್ಯ ತಪ್ಪಿಗೆ ಬಂದೆ.

"ಈ ಗಂಡನ್ಗೆ ಒಂದು ಡೈಲಾಗೂ ಇಲ್ವಲ್ಲ. ಹಿಂಗ್ಯಾರಾದ್ರೂ ಇರ್ತಾರಾ? ಅವ್ನು ಒಂದ್ ಮಾತಾಡಿದ್ರೆ ಕಥೆ ಮುಂದಕ್ಕೆ ಹೋಗುತ್ತೆ."

"ಏನಂತ ಮಾತಾಡಿಸ್ಲಿ? ನೀವೇ ಹೇಳಿ," ಎಂದು ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟಳು.

ನಾನು ಕುರ್ಚಿಗೊರಗಿ, ಸ್ವಲ್ಪ ಯೋಚಿಸಿ ಹೇಳಿದೆ: "ಅಮ್ಮ, ಅವ್ಳು ಓದ್ಲಿ ಬುಡು. ಮನೆ ಕೆಲ್ಸ ನಾನೂ ಮಾಡ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ನನಗೆ ಅರ್ಥವಾಯಿತು.

ಅವಳು ಟೈಪ್ ಮಾಡಲಿಲ್ಲ. "ಸರಿಯಾಗಿದೆ. ಅತ್ತೆ ಒಳಗೇ ಇದಾರೆ, ಹೇಳಿ ಬನ್ನಿ. ಆಮೇಲೆ ಹಾಕ್ತೀನಿ."

ಹೋದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅದೇ ಮಾತನ್ನು ಗೋಡೆ ನೋಡಿಕೊಂಡು ಒಪ್ಪಿಸಿದೆ, ಒಂದಕ್ಷರವೂ ತಪ್ಪಲಿಲ್ಲ. ಅಮ್ಮ ತಲೆಯೆತ್ತಿದಳು.

"ಓದ್ಲಿ, ನಾನ್ಯಾಕೆ ಬ್ಯಾಡ ಅನ್ಲಿ? ನೀನು ಬಾಯೇ ಬುಡ್ಲಿಲ್ವಲ್ಲ. ನಿಂಗೇ ಇಷ್ಟ ಇಲ್ಲ ಅಂದ್ಕಂಡು ನಾನು ಅಡ್ಡ ಮಾತಾಡ್ತಿದ್ದೆ ಕಣ್ಲಾ."

ಒಂದು ತಿಂಗಳಿಂದ ಇಬ್ಬರೂ ಕಾಯುತ್ತಿದ್ದದ್ದು ನನ್ನ ಒಂದು ಮಾತಿಗೆ. ಪರದೆಯಾಚೆ ಟೈಪ್ ಮಾಡುವ ಸದ್ದು ಶುರುವಾಯಿತು. ಅಮ್ಮನ ಮಾತು ಅವಳಿಗೂ ಕೇಳಿಸಿತ್ತು. ಹೊರಗೆ ಹೋಗಿ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಅಮ್ಮನ ಪಕ್ಕದಲ್ಲೇ ಕೂತು ನಾರು ತೆಗೆಯತೊಡಗಿದೆ.