ಕೆಂಪು ಹರಳಿನ ಔಷಧ

ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಇತಿಹಾಸವನ್ನು ಯಾರಾದರೂ ಬರೆದರೆ ಕಾಶವ್ವನ ಎಡಗಿವಿಗೆ ಒಂದು ಅಧ್ಯಾಯ ಕೊಡಲೇಬೇಕು. ಆ ಒಂದಂಗುಲ ನೆಲದಲ್ಲಿ ಮೂರು ಯುದ್ಧಗಳು ನಡೆದವು.

ಸಿಂದಗಿಯಿಂದ ಬಂದು ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಶಿವರುದ್ರಪ್ಪನ ಹೆಂಡತಿ ಈಕೆ. ತಮ್ಮನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಕಿವಿಗೆ ಎರಡನೆಯ ತೂತು ಹಾಕಿಸಿಕೊಂಡರೆಂದು ತಾನೂ ಹಾಕಿಸಿಕೊಂಡಳು. ಉಳಿದವರ ಕಿವಿಗೆ ಬಂಗಾರ ಬಂತು, ಕಾಶವ್ವನ ಕಿವಿಗೆ ಗಂಟು. ಕಡಲೆಯಷ್ಟಿದ್ದದ್ದು ಬಾರೆಹಣ್ಣಿನಷ್ಟಾಯಿತು. ಮೊದಲ ಯುದ್ಧ ೧೯೯೭ರಲ್ಲಿ; ಯಾರೋ ಡಾಕ್ಟರು ಕೊಯ್ದು ತೆಗೆದರು. ಸೋತ ಅರಸ ಹೊಸ ದಂಡು ಕಟ್ಟಿಕೊಂಡು ಮರಳುವಂತೆ ಅದು ವರ್ಷದೊಳಗೆ ಇಮ್ಮಡಿಯಾಗಿ ಬಂದು ಕೂತಿತು. ತುರಿಕೆ, ಉರಿ, ಆ ಮಗ್ಗುಲಿಗೆ ಮಲಗುವಂತಿಲ್ಲ.

ಎರಡನೆಯ ಯುದ್ಧಕ್ಕೆ ವಿಜಾಪುರದ ಕಡೆಯ ಡಾಕ್ಟರ್ ಬಿಂದುಮಾಧವ ಸೇನಾಪತಿ. "ಇದು ಕೆಲಾಯ್ಡ್ ರೀ. ಗಾಯ ಮಾಯ್ದ ಮ್ಯಾಲೂ ಬೆಳಿಯೂದು ನಿಲ್ಲಸಬೇಕು ಅನ್ನೂದು ಈ ಚರ್ಮಕ್ಕ ಗೊತ್ತಿಲ್ಲ" ಎಂದರು. ಕೊಯ್ದರು, ತಿಂಗಳಿಗೊಮ್ಮೆ ಸೂಜಿ ಚುಚ್ಚಿದರು, ಕಿವಿಯ ಹಾಲೆಯನ್ನು ಹಗಲೂ ರಾತ್ರಿ ಒತ್ತಿ ಹಿಡಿಯುವ ಕ್ಲಿಪ್ಪು ಹಾಕಲು ಹೇಳಿದರು. ವರ್ಷದೊಳಗೆ ತೆಗೆದರೆ ಗಂಟು ಮತ್ತೆ ಹಾಜರು.

ಬೋಳು ಕ್ಲಿಪ್ಪು ಶಿವರುದ್ರಪ್ಪನಿಗೆ ಸೇರಲಿಲ್ಲ. ಕೆಂಪು ಹರಳಿನದನ್ನು ಆರಿಸಿದ. "ಔಷಧ ಆದ್ರೇನಾತು, ಚಂದ ಇರಬಾರದೇನ?" ದಿನಾ ಬೆಳಿಗ್ಗೆ ಅದರ ತಿರುಪು ಬಿಗಿ ಮಾಡುವ ರಾಜಾಧಿಕಾರವೂ ಆತನದೇ.

"ಸಾಕೇನ?"

"ಇನ್ನಾ ಒಂದೀಟ್ರಿ."

"ಕಿವಿ ಕೈಯಾಗ ಬರ್ತದ ನೋಡ!"

ಮೂರನೆಯ ತಿಂಗಳಲ್ಲಿ, ಅಂಗಡಿಗೆ ಹೋಗುವ ಬಸ್ಸಿನಲ್ಲಿ ಕೂತ ಶಿವರುದ್ರಪ್ಪ ಏಳಲೇ ಇಲ್ಲ.

ಹೆಂಗಸರು ಬಳೆ, ತಾಳಿ, ಕಾಲುಂಗುರ ತೆಗೆಸಿದರು. ಆಮೇಲೆ ಗಂಡನ ಅಕ್ಕ ಬಸಲಿಂಗವ್ವನ ಕೈ ಕಿವಿಗೆ ಬಂತು. ಮೂರನೆಯ ಯುದ್ಧ ಶುರುವಾದದ್ದು ಹೀಗೆ.

"ಅದು ಔಷಧ್ರಿ, ಅಕ್ಕಾರ."

"ಕೆಂಪು ಹರಳಿನ ಔಷಧ ಯಾವ ಅಂಗಡ್ಯಾಗ ಸಿಗ್ತದವಾ?"

"ತಗದ್ರ ಗಂಟು ಮತ್ತ ಬರ್ತದ್ರಿ."

"ಬರ್ಲಿ ಬಿಡು, ಕಾಶಿ. ಇನ್ನ ಯಾರು ನೋಡಾವ್ರು ಅದಾರ?"

ಮನೆ ತುಂಬ ಜನರಿದ್ದರು. ಕಾಶವ್ವ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಗೊರಗಿದಳು. ಕೊನೆಗೆ ಮಗಳು ನೀತಾ ಸಂಧಾನಕ್ಕೆ ಬಂದಳು: ಹರಳಿನ ಮೇಲೆ ಬಿಳಿ ಪಟ್ಟಿ ಅಂಟಿಸುವುದು. ಹರಳು ವಿಧವೆಯಾಯಿತು, ಕಿವಿ ಉಳಿಯಿತು. ತಿರುಪಿನ ಕೆಲಸ ನೀತಾಳ ಪಾಲಿಗೆ ಬಂತು. ಆಕೆ ಏನೂ ಕೇಳದೆ ಬಿಗಿ ಮಾಡುತ್ತಿದ್ದಳು.

ವರ್ಷ ತುಂಬಿದ ಮೇಲೆ ಡಾಕ್ಟರು ಕ್ಲಿಪ್ಪು ಬಿಚ್ಚಿ ಹಾಲೆಯನ್ನು ತಡವಿ ನೋಡಿದರು. "ಗೆದ್ರಿ, ಅವ್ವಾರ! ಸಪಾಟ ಆಗ್ಯದ. ಇನ್ನ ಇದು ಬ್ಯಾಡ."

ಕಾಶವ್ವ ಕುರ್ಚಿ ಬಿಟ್ಟು ಏಳಲಿಲ್ಲ. "ಬೇಕು ಅಂತ ಬರದ ಕೊಡ್ರಿ."

"ಗಂಟು ಹೋಗ್ಯದಲ್ರಿ?"

"ಹೋಗ್ಯದ್ರಿ. ಡಾಕ್ಟ್ರು ಹೇಳ್ಯಾರ ಅಂದ್ರ ಅಷ್ಟ ನಮ್ಮ ಮಂದಿ ಹಾಕ್ಕೊಳ್ಳಾಕ ಬಿಡ್ತಾರ."

ಬಿಳಿ ಪಟ್ಟಿಯ ಅಂಚಿನಲ್ಲಿ ಇಣುಕುತ್ತಿದ್ದ ಕೆಂಪನ್ನು ಡಾಕ್ಟರು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ಎಷ್ಟು ತಿಂಗಳು ಅಂತ ಬರೀಲಿ?"

"ಅದನ್ನ ಹಂಗ ಖಾಲಿ ಬಿಡ್ರಿ."